ಅವ್ವನ ಎದುರಿನ ಮಾಸ್ತರ

ಇಳಕಲ್
೧೪ ನವೆಂಬರ್ ೨೦೨೫

ಪ್ರೀತಿಯ ತಮ್ಮ ಶಂಕರಲಿಂಗನಿಗೆ ಅಕ್ಕ ಸುನಂದಾಳ ಆಶೀರ್ವಾದ.

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ದಿನವಿಡೀ ಕ್ಯಾಮೆರಾದ ಮುಂದೆ ನಿಂತರೆ ಬೆನ್ನು ಇನ್ನೇನಾದೀತು. ಪುಣೆಯಲ್ಲಿ ಚಳಿ ಶುರುವಾಗಿರಬೇಕು, ಬಿಸಿ ನೀರು ಕುಡಿ, ಗಂಟಲು ಕಾಪಾಡಿಕೋ. ನಿನ್ನ ಗಂಟಲನ್ನೇ ನಂಬಿ ಎಷ್ಟು ಊರಿನ ಮಕ್ಕಳು ಕೂತಿದ್ದಾರೋ, ನಮ್ಮ ಮನೆಯಲ್ಲೂ ಒಬ್ಬಳು ಕೂತಿದ್ದಾಳೆ. ಇಲ್ಲಿ ಎಲ್ಲ ಕ್ಷೇಮ. ಕ್ಷೇಮ ಅಂದರೆ ಅವ್ವ ಉಣ್ಣುತ್ತಾಳೆ, ನಾನು ಉಣಿಸುತ್ತೇನೆ. ಫೋನು ಬಿಟ್ಟು ಕಾಗದ ಯಾಕೆ ಅಂತ ಕೇಳಬೇಡ. ನಾನು ಕಳಿಸುವ ಧ್ವನಿಸಂದೇಶವನ್ನು ನೀನು ಹೇಗೆ ಕೇಳುತ್ತೀಯ ಅಂತ ನೀನೇ ಹೇಳಿದ್ದೀಯಲ್ಲ, "ಅಕ್ಕಾ, ನಿನ್ನ ಮಾತ ನಾ ಜೋರ ಓಡಿಸಿ ಕೇಳ್ತೇನಿ, ಟೈಮ್ ಉಳಿತೈತಿ" ಅಂತ. ಕಾಗದವನ್ನು ಓಡಿಸಲು ಬರುವುದಿಲ್ಲ. ಕೂತು ಓದು.

ತಿಂಗಳ ಕೊನೆಗೆ ಬರುತ್ತೇನೆ, ರಜೆ ಸಿಕ್ಕಿದೆ, ಒಂದಷ್ಟು ದಿನ ಅವ್ವನ ಬಳಿಯೇ ಇರುತ್ತೇನೆ, ಅವಳಿಗೆ ಹೇಳು ಅಂತ ತಿಳಿಸಿದ್ದೀಯ. ನಾಲ್ಕು ವರ್ಷದ ಮೇಲೆ ಮಗನಿಗೆ ತಾಯಿ ಬೇಕೆನ್ನಿಸಿದೆ, ಸಂತೋಷ. ಹೇಳಿದೆ. ಅವಳು ಏನಂದಳು ಅನ್ನುವುದನ್ನೂ ಬರೆಯುತ್ತೇನೆ. ಆದರೆ ನೀನಿಲ್ಲದಾಗ ಈ ಮನೆಯಲ್ಲಿ ಏನೇನಾಗಿದೆ ಅಂತ ಮೊದಲು ನಿನಗೆ ಗೊತ್ತಾಗಬೇಕು, ಇಲ್ಲದಿದ್ದರೆ ನಾನೇ ಏನೋ ಕಿತಾಪತಿ ಮಾಡಿದೆ ಅಂದುಕೊಳ್ಳುತ್ತೀಯ.

ಅವ್ವನ ನೆನಪು ಹಾರತೊಡಗಿದಾಗ ಬಾಗಲಕೋಟೆಯ ಡಾಕ್ಟರರು, ಗುರುತಿನ ಮುಖಗಳು ದಿನಾ ಕಣ್ಣಿಗೆ ಬೀಳಲಿ ಅಂದಿದ್ದರು. ನೀನು ಮುಖವನ್ನು ಕೊರಿಯರಿನಲ್ಲಿ ಕಳಿಸಿದೆ. ಒಂದು ಟ್ಯಾಬು, ಅದರ ತುಂಬ ನಿನ್ನ ಪಾಠಗಳು: ದೂರದಿಂದ ಕಲಿಸಿದವರ ಚರಿತ್ರೆ. "ಅವ್ವಗ ನಾ ಕಂಡಂಗೂ ಆತು, ನಾಕ ಅಕ್ಷರ ಕಿವಿಗೆ ಬಿದ್ದಂಗೂ ಆತು" ಅಂದೆ. ಸೀರೆ ನೇಯುವ ಹೆಂಗಸಿಗೆ ಆನ್‌ಲೈನ್ ಶಿಕ್ಷಣದ ಚರಿತ್ರೆ! ನಾನು ನಕ್ಕೆ. ಆದರೆ ಅವಳು ಕಲಿತಳು ನೋಡು. ಇಂಗ್ಲೆಂಡಿನಲ್ಲಿ ಒಬ್ಬ ಹಿಂದಿನ ಕಾಲದಲ್ಲಿ ಶೀಘ್ರಲಿಪಿಯನ್ನು ಅಂಚೆಯಲ್ಲೇ ಕಲಿಸುತ್ತಿದ್ದ, ಶಿಷ್ಯರು ಬರೆದದ್ದನ್ನು ತಿದ್ದಿ ಮರುಟಪಾಲಿಗೆ ಕಳಿಸುತ್ತಿದ್ದ ಅಂತ ಹೇಳಿದ್ದೀಯಲ್ಲ, ಅದನ್ನು ಕೇಳಿ "ಒಬ್ಬೊಬ್ಬರಿಗೂ ಹೊಳ್ಳಿ ಬರೀತಿದ್ನ? ಮನಿಷ್ಯಾ ಚಲೋ ಇದ್ದಾನ" ಅಂದಳು. ಆಗಿನ್ನೂ ಅವಳಿಗೆ ನೀನು ಹಿಂತಿರುಗಿ ಬರೆಯುವುದಿಲ್ಲ ಅನ್ನುವುದು ನೆನಪಿತ್ತು.

ಎಪ್ಪತ್ತೈದನೇ ಇಸವಿಯ ಉಪಗ್ರಹದ ಪಾಠದಲ್ಲಿ ಮಾತ್ರ ಜಗಳ ತೆಗೆದಳು. ಅಮೆರಿಕದವರಿಂದ ಒಂದು ವರ್ಷಕ್ಕೆ ಎರವಲು ತಂದ ಉಪಗ್ರಹ, ಆಗಿನ ಬಿಜಾಪುರ ಜಿಲ್ಲೆಯ ಹಳ್ಳಿಗಳಿಗೂ ಟೀವಿಯಲ್ಲಿ ಪಾಠ, ಮಹತ್ವದ ಪ್ರಯೋಗ, ಆಶಾದಾಯಕ ಫಲಿತಾಂಶ, ಎಲ್ಲ ಚೆನ್ನಾಗಿಯೇ ಹೇಳಿದ್ದೀಯ. ಹುನಗುಂದದ ಬಳಿಯ ಅವಳ ತವರಿನ ಶಾಲೆಗೂ ಆ ಟೀವಿ ಬಂದಿತ್ತು ಅಂತ ನೀನು ಒಂದು ದಿನವಾದರೂ ಕೇಳಿದ್ದೀಯಾ? ಆಗ ಅವಳು ಲಂಗ ಉಟ್ಟ ಹುಡುಗಿ. ವರ್ಷ ತುಂಬಿತು, ಉಪಗ್ರಹವನ್ನು ಹಿಂದಕ್ಕೆ ಕರೆದುಕೊಂಡರು. "ಡಬ್ಬಿ ಐತಿ, ಮ್ಯಾಲ ಜಾಳಿಗಿ ಛತ್ರಿ ಐತಿ, ಒಳಗಿನ ಮಾಸ್ತರ ಇಲ್ಲ. ಹುಡುಗೂರೆಲ್ಲಾ ಕೈಕಟ್ಟಿ ಕುಂತ ಕಾದ್ವಿ. ಮುಗೀತು ಅಂತ ಹೇಳಾಕರ ಒಬ್ಬರು ಬರಬಾರದೇನೋ?" ಅಂತ ನಿನ್ನ ಮುಖಕ್ಕೆ ಕೇಳಿದಳು. ನೀನು ಪರದೆಯಲ್ಲಿ ತಲೆಯಾಡಿಸಿ ಮುಂದಿನ ಇಸವಿಗೆ ಹೋದೆ.

ಆಮೇಲಿನದು ಕಲಿಸುವ ಯಂತ್ರದ ಪಾಠ. ಮನಃಶಾಸ್ತ್ರದ ಒಬ್ಬ ಪಂಡಿತ ತನ್ನ ಮಗಳ ತರಗತಿಯಲ್ಲಿ ಹೋಗಿ ಕೂತನಂತೆ. ಮಕ್ಕಳು ಸರಿ ಬರೆದರೂ ತಪ್ಪು ಬರೆದರೂ ಅವರಿಗೆ ಆಗಲೇ ಗೊತ್ತಾಗುವುದಿಲ್ಲವಲ್ಲ ಅಂತ ಮರುಗಿ ಆ ಯಂತ್ರ ಮಾಡಿದನಂತೆ: ಸಣ್ಣ ಪ್ರಶ್ನೆ, ಉತ್ತರ ಸರಿಯಾದರೆ ತಕ್ಷಣ ಶಭಾಸ್, ಆಮೇಲೆ ಮುಂದಿನ ಪ್ರಶ್ನೆ. ಅವನು ಮಗಳ ಪಕ್ಕದಲ್ಲಿ ಕೂತು ಯೋಚಿಸಿದ, ನೀನು ತಾಯಿಯ ಪಕ್ಕ ಕೂರುವುದನ್ನು ತಪ್ಪಿಸಿಕೊಳ್ಳಲು ಅದನ್ನು ಬಳಸಿದೆ. ನಿನ್ನ ಪಾಠಗಳಲ್ಲೂ ಅದೇ ವಿದ್ಯೆ ಇದೆಯಲ್ಲ. ಪ್ರಶ್ನೆ ಕೇಳಿ ನೆಟ್ಟಗೆ ನೋಡುತ್ತ ಸುಮ್ಮನೆ ನಿಲ್ಲುತ್ತೀಯ, ಆಮೇಲೆ "ಸರಿಯಾಗಿ ಹೇಳಿದಿರಿ, ಮುಂದೆ ಹೋಗೋಣ" ಅನ್ನುತ್ತೀಯ. ಆ ಸುಮ್ಮನಿರುವ ಹೊತ್ತನ್ನು ಅವ್ವ ಹಿಡಿದುಕೊಂಡಳು. "ಉಂಡಿಯೇನೋ?" ಅಂತ ಕೇಳುತ್ತಾಳೆ. ಸರಿಯಾಗಿ ಹೇಳಿದಿರಿ. "ಅಕ್ಕನ ಮ್ಯಾಲ ಸಿಟ್ಟ ಐತೇನೋ?" ಸರಿಯಾಗಿ ಹೇಳಿದಿರಿ. "ಊರಿಗಿ ಯಾವಾಗ ಬರ್ತಿ?" ಮುಂದೆ ಹೋಗೋಣ. ಖುಷಿಯೋ ಖುಷಿ ಅವಳಿಗೆ. ನನ್ನ ಕಡೆ ತಿರುಗಿ, "ನೋಡ್ರಿ ಬಾಯಾರ, ನನ್ನ ಮಗಾ ಒಂದ ಮಾತಿಗೂ ಇಲ್ಲ ಅನ್ನಂಗಿಲ್ಲ" ಅನ್ನುತ್ತಾಳೆ. ಹೌದು, ನಾನು ಬಾಯಾರು. ಅವಳ ಮೈ ತೊಳೆಯುವವಳು, ಹಾಸಿಗೆ ಬದಲಿಸುವವಳು, ಯಾರೋ ಸಂಬಳಕ್ಕೆ ಇಟ್ಟ ಹೆಂಗಸು ಅಂದುಕೊಂಡಿದ್ದಾಳೆ. ನನಗೆ ಹೊಟ್ಟೆ ಉರಿಯುತ್ತದೆ, ಶಂಕ್ರ್ಯಾ. ನಿನ್ನ ಮೇಲಲ್ಲ, ಆ ಟ್ಯಾಬಿನ ಮೇಲೆ. ಅದನ್ನು ಒರೆಸಲು ಕೈಗೆತ್ತಿಕೊಂಡಾಗ ನೆಲಕ್ಕೆ ಎತ್ತಿ ಒಗೆಯಬೇಕು ಅನ್ನಿಸುತ್ತದೆ.

ಒಗೆಯಲಿಲ್ಲ, ಯಾಕೆಂದರೆ ಉಣಿಸುವುದಕ್ಕೆ ಅದೇ ಬೇಕು. ಆ ಪಂಡಿತನ ಯಂತ್ರವನ್ನು ನಾನೂ ಕಲಿತಿದ್ದೇನೆ. ಅವ್ವ ಬಾಯಿ ಬಿಗಿ ಹಿಡಿದರೆ ಟ್ಯಾಬಿನಲ್ಲಿ ನಿನ್ನನ್ನು ನಿಲ್ಲಿಸುತ್ತೇನೆ. "ಯಾಕ ಸುಮ್ಮಾದ?" ಅಂತ ಗಾಬರಿಯಾಗುತ್ತಾಳೆ. ತುತ್ತು ತಿಂದರೆ ಮಾತಾಡುತ್ತಾನೆ ಅನ್ನುತ್ತೇನೆ. ಒಂದು ತುತ್ತು, ನಿನ್ನ ಒಂದಿಷ್ಟು ಮಾತು. ಹಗಲಲ್ಲಿ ನಾನು ಸೀರೆ ಅಂಗಡಿಗೆ ಹೋದಾಗ ಪಕ್ಕದ ಮನೆಯ ಜೈನಬಿ ಬಂದು ಕೂರುತ್ತಾಳೆ, ಅವಳಿಗೂ ಈ ವಿದ್ಯೆ ಕಲಿಸಿದ್ದೇನೆ. "ಪಾಪ ಅನಸ್ತೈತಿ ಸುನಂದಕ್ಕಾ, ನಾಯಿಗಿ ಬಿಸ್ಕೀಟ ತೋರಿಸಿದಂಗ ಆಗ್ತೈತಿ" ಅಂದಳು. ಪಾಪದಿಂದ ಹೊಟ್ಟೆ ತುಂಬುವುದಿಲ್ಲ ಅಂದೆ.

ಮಗ್ಗದ ಮುಂದೆ ನಡೆಯುವುದು ಇನ್ನೂ ಬೇರೆ. ಸೀರೆಯ ಮೈ ಎಳೆಗೆ ಸೆರಗಿನ ರೇಷ್ಮೆ ಎಳೆಯ ಕೊಂಡಿ ಹಾಕುವಾಗ ಎದುರಿಗೆ ಒಬ್ಬರು ಕೂತು ಎಳೆ ಕೊಡಬೇಕು, ನಮ್ಮ ಮನೆಯಲ್ಲಿ ಅದು ನಿನ್ನ ಕೆಲಸವಾಗಿತ್ತು. ಶಾಲೆಯಿಂದ ಬಂದವನೇ ಪಾಟಿಚೀಲ ಎಸೆದು ಕೂರುತ್ತಿದ್ದೆ. ಅವ್ವನಿಗೆ ಊರಿನ ಹೆಸರು ಮರೆತಿದೆ, ಕೈಗೆ ಕೊಂಡಿ ಮರೆತಿಲ್ಲ. ಟ್ಯಾಬನ್ನು ಎದುರಿಗೆ ಆನಿಸಿಟ್ಟು, ಹರಿದ ಎಳೆಯ ತುದಿಯನ್ನು ನಿನ್ನ ಕಡೆ ಚಾಚಿ ಹಿಡಿಯುತ್ತಾಳೆ. ನೀನು ತೆಗೆದುಕೊಳ್ಳುವುದಿಲ್ಲ. ಕೈ ಸೋಲುವವರೆಗೆ ಹಿಡಿದೇ ಇರುತ್ತಾಳೆ. ನಾನು ಎದುರಿಗೆ ಕೂತು ಎಳೆ ಕೊಡಲು ಹೋದರೆ ಕೈ ಮೇಲೆ ಹೊಡೆಯುತ್ತಾಳೆ. "ತಡೀರಿ ಬಾಯಾರ. ಪಾಠ ಮುಗಸ್ಲಿ, ಅಂವಾ ಕೊಡ್ತಾನ."

ದೀಪಾವಳಿಯ ಪಾಡ್ಯಕ್ಕೆ ನೀನು ವಿಡಿಯೋ ಕಾಲ್ ಮಾಡಿದ್ದೆ, ನೆನಪಿದೆಯಲ್ಲ? "ಅವ್ವಾ, ನಾ ಶಂಕ್ರ್ಯಾ" ಅಂತ ಅತ್ತೆ, ನಡುವೆ ಎಲ್ಲ ಕಪ್ಪಾಯಿತು. ನೆಟ್‌ವರ್ಕ್ ಹೋಯಿತು ಅಂತ ಆಮೇಲೆ ನಾನು ನಿನಗೆ ಹೇಳಿದೆ. ಅದು ನೆಟ್‌ವರ್ಕ್ ಅಲ್ಲ. ಅವ್ವ ಟ್ಯಾಬನ್ನು ಬೋರಲು ಹಾಕಿದಳು. "ಯಾಂವ ಇಂವಾ? ಗಡ್ಡ ಬಿಟ್ಟಾನ, ಗೊಳೋ ಅಂತ ಅಳತಾನ. ನನ್ನ ಮಗನ ಡಬ್ಬಿಯೊಳಗ ಯಾಕ ಹೊಕ್ಕಾನ? ಹೊರಗ ಹಾಕ್ರಿ" ಅಂದಳು. ಅಮೆರಿಕದಲ್ಲಿ ಒಬ್ಬ ದೂರದಲ್ಲಿದ್ದ ಸಂಬಂಧಿಕರ ಹುಡುಗಿಗೆ ಲೆಕ್ಕ ಹೇಳಿಕೊಡಲು ಹೋಗಿ ವಿಡಿಯೋ ಪಾಠ ಶುರುಮಾಡಿದ, ಆ ಮನೆಯ ಮಕ್ಕಳೋ ನಿನಗಿಂತ ನಿನ್ನ ವಿಡಿಯೋನೇ ವಾಸಿ ಅಂದುಬಿಟ್ಟರು ಅಂತ ಪಾಠದಲ್ಲಿ ನಗುತ್ತ ಹೇಳುತ್ತೀಯ. ಈಗ ನಗು. ನಿಜ ಹೇಳಲೇ? ಅವಳು ನಿನ್ನನ್ನು ಬೋರಲು ಹಾಕಿದಾಗ ನನಗೆ ಸಮಾಧಾನವಾಯಿತು. ಗುರುತು ಕಳೆದುಕೊಂಡವಳು ಈ ಬಾಯಾರು ಒಬ್ಬಳೇ ಅಲ್ಲ ಅನ್ನಿಸಿತು. ಅಕ್ಕ ಕೆಟ್ಟವಳು ಅನ್ನು, ಅಡ್ಡಿಯಿಲ್ಲ.

ಇನ್ನು ನಿನ್ನ ಬರುವಿಕೆಯ ಮಾತು. ಮೊನ್ನೆ ತಲೆ ಬಾಚುತ್ತ, ನಿಮ್ಮ ಮಗ ಪುಣೆಯಿಂದ ಬರುತ್ತಾನಂತೆ ಅಂದೆ. ಟ್ಯಾಬಿನ ಕಡೆ ಕೈ ಮಾಡಿ, "ಬರೂದೇನು? ಇಲ್ಲೇ ಅದಾನಲ್ಲ" ಅಂದಳು. ಆಮೇಲೆ ನನ್ನ ಕೈ ಹಿಡಿದು ಪಿಸುಗುಟ್ಟಿದಳು, "ಬರ್ತೇನಿ ಬರ್ತೇನಿ ಅನ್ನೂ ಮಂದೀನ ಮನಿಯೊಳಗ ಬಿಡಬ್ಯಾಡ್ರಿ." ನೀನು ಹೇಳಿದ ಹಾಗೆ ಹೇಳಿದ್ದೇನೆ, ಅವಳು ಹೇಳಿದ ಹಾಗೆ ಬರೆದಿದ್ದೇನೆ.

ರೋಹಿಣಿಯನ್ನು ಕೇಳಿದೆ ಅಂತ ಹೇಳು. ಗಂಡನನ್ನು ಊರಿಗೆ ಕಳಿಸಲು ಒಪ್ಪಿದ್ದಾಳಲ್ಲ, ದೊಡ್ಡ ಮನಸ್ಸು. ನಿನ್ನ ಆಯುಷ್ಯ ಗಟ್ಟಿಯಿರಲಿ, ನಿನ್ನ ಮಕ್ಕಳಿಗೆ ನಿನ್ನ ಮುಖ ಎದುರೆದುರೇ ಗುರುತು ಸಿಗಲಿ.

ನಿನ್ನ ಅಕ್ಕ,
ಸುನಂದಾ

ತಾ.ಕ.: ಜೈನಬಿ ಪೋಸ್ಟಿಗೆ ಹಾಕಲು ಬಾಗಿಲಲ್ಲಿ ನಿಂತಿದ್ದಾಳೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಬರಬೇಡ ಅನ್ನುವುದಿಲ್ಲ. ಹೋದ ವಾರ ಕರೆಂಟು ರಿಪೇರಿಗೆ ಗುರುತಿಲ್ಲದ ಗಂಡಸು ಒಳಗೆ ಬಂದದ್ದಕ್ಕೆ ಅವ್ವ ಹೆದರಿ ಮರುದಿನದವರೆಗೆ ನೀರೂ ಮುಟ್ಟಲಿಲ್ಲ, ಅದಕ್ಕೇ ಹೇಳುತ್ತೇನೆ. ಗಡ್ಡ ಬೋಳಿಸಿಕೋ. ಪಾಠಕ್ಕೆ ಹಾಕುವ ಆ ಕಪ್ಪು ಕೋಟು ಹಾಕಿಕೊಂಡು ಬಾ. ನೀನು ಒಳಗೆ ಬರುವ ಮೊದಲು ಟ್ಯಾಬನ್ನು ಬಚ್ಚಿಡುತ್ತೇನೆ, ಇಬ್ಬರನ್ನೂ ಒಟ್ಟಿಗೆ ಕಂಡರೆ ಅವಳು ನಿನ್ನನ್ನೇ ಹೊರಗೆ ಹಾಕಿಸುತ್ತಾಳೆ. ಎದುರಿಗೆ ಕೂತು ಪಾಠ ಹೇಳು, ಪಾಠದಲ್ಲಿರುವ ಮಾತನ್ನು ಮಾತ್ರ ಹೇಳು. ಕಣ್ಣೀರು ಬಂದರೆ ಎದ್ದು ಹಿತ್ತಿಲಿಗೆ ಹೋಗು. ಮತ್ತೆ, ಎಷ್ಟೇ ಕರುಳು ಕಿತ್ತು ಬಂದರೂ ಅವಳನ್ನು ಅವ್ವಾ ಅನ್ನಬೇಡ. ಅಷ್ಟು ಪಾಠಗಳಲ್ಲಿ ಒಂದರಲ್ಲೂ ನೀನು ಆ ಮಾತು ಆಡಿಲ್ಲ.