ತೊಡೆ ಕರಗಿಲ್ಲ

ಮಗಳೇ,

ನೀನು ಬಚ್ಚಿಟ್ಟಿದ್ದ ನನ್ನ ಈಜಿನ ಬಟ್ಟೆ ಸಿಕ್ಕಿತು. ಈಜು ಕಲಿಸಲು ಕೊಳಕ್ಕೆ ಹೊರಟಿದ್ದೇನೆ.

ತೊಡೆಯ ಸ್ನಾಯು ಕರಗಿದೆ ಎಂಬ ಸ್ಕ್ಯಾನ್ ವರದಿ ಹಿಡಿದು ನನ್ನನ್ನು ಮೂಲೆಗೆ ಕೂರಿಸಿದೆಯಲ್ಲ, ನಿನ್ನೆ ಡಾಕ್ಟರನ್ನೇ ಕೇಳಿದೆ. "ಹೋದ ಸಲ ಹಳೇ ಮಿಷನ್ನು, ಈ ಸಲ ಹೊಸದು ಅಮ್ಮ. ಒಂದರ ಅಳತೆ ಇನ್ನೊಂದಕ್ಕೆ ತಾಳೆ ಆಗಲ್ಲ," ಅಂದರು. ಇವತ್ತು ಹಳೆಯದರಲ್ಲೇ ಮತ್ತೆ ಮಾಡಿಸಿಕೊಂಡು ಬಂದೆ. ಸ್ನಾಯು ಇದ್ದ ಹಾಗೇ ಇದೆ. ವರದಿ ಫ್ರಿಜ್ ಮೇಲಿದೆ, ಕಣ್ಣು ಬಿಟ್ಟು ಓದು.

ನಿನ್ನ ಹೆದರಿಕೆ ಪ್ರೀತಿಯದೇ, ಗೊತ್ತು. ಆದರೆ ಈಜು ಕಲಿಸುವುದನ್ನು ನಿಲ್ಲಿಸುವ ದಿನ ನಾನೇ ಹೇಳುತ್ತೇನೆ. ಪಲ್ಯ ಬಿಸಿ ಮಾಡಿಕೋ. ಸಂಜೆ ಕಾರು ತರಬೇಡ, ನಡೆದೇ ಬರುತ್ತೇನೆ. ಬೇಕಾದರೆ ನೀನೂ ಜೊತೆಗೆ ನಡಿ. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವಳು ನೀನು, ನಾನಲ್ಲ.

ಅಮ್ಮ