ಪಟ್ಟಿಯಿಂದ ಬಿಟ್ಟುಹೋದ ಬೀದಿ

ಮನೆ, ಅಡುಗೆಮನೆಯ ಮೇಜು
ಮಾರ್ಚ್ ೧೨, ಮಂಗಳವಾರ ಬೆಳಗ್ಗೆ

ಪ್ರೀತಿಯ ಅಮ್ಮಾ,

ಉಬ್ಬಸ ಹೇಗಿದೆ? ಮೆಟ್ಟಿಲ ನಡುವೆ ನಿಂತು ಸುಧಾರಿಸಿಕೊಳ್ಳುತ್ತೀಯೋ, ಹಟಕ್ಕೆ ಬಿದ್ದು ಒಂದೇ ಉಸಿರಿಗೆ ಹತ್ತುತ್ತೀಯೋ? ಸುಳ್ಳು ಬರೆಯಬೇಡ, ತಮ್ಮ ಎಲ್ಲ ಹೇಳುತ್ತಾನೆ. ಪುಟ್ಟಿಗೆ ಐದು ತಿಂಗಳು ತುಂಬಿತು. ಅವಳು ಮಲಗಿದರೂ ನನಗೆ ನಿದ್ದೆಯಿಲ್ಲ, ಉಸಿರಾಡುತ್ತಿದ್ದಾಳಾ ಎಂದು ಮೂಗಿನ ಹತ್ತಿರ ಬೆರಳು ಹಿಡಿದು ಕೂರುತ್ತೇನೆ. ನಗಬೇಡ, ನೀನೂ ಹಾಗೇ ಮಾಡುತ್ತಿದ್ದೆಯಂತೆ. ನಮ್ಮ ಬೀದಿಯ ಲಾರಿ ಹೊಗೆಗೆ ಹೆದರಿ ನಿನ್ನನ್ನು ಬರಬೇಡ ಎಂದವಳೂ ನಾನೇ. ಮೊಮ್ಮಗಳನ್ನು ನೀನಿನ್ನೂ ಒಮ್ಮೆಯೂ ಎತ್ತಿಕೊಂಡಿಲ್ಲ.

ಆಫೀಸಿನ ಸುದ್ದಿ ಕೇಳು. ಗಾಳಿಯಲ್ಲಿ ಹೊಗೆ, ಧೂಳು ಎಷ್ಟಿದೆ ಎಂದು ಅಳೆಯುವ ಹನ್ನೆರಡು ಸೆನ್ಸರ್ ಪೆಟ್ಟಿಗೆ ಬಂದವು. ಊರಲ್ಲಿ ಬೀದಿಗಳೋ ಮುನ್ನೂರು. ಎಲ್ಲೆಲ್ಲಿ ಹಾಕಬೇಕು ಎಂದು ಹೇಳುವ ಲೆಕ್ಕದ ಮಾದರಿ ಕಟ್ಟುವುದು ನನ್ನ ಕೆಲಸ. ಯಾತಕ್ಕೆ ಬರುತ್ತದೆ ಎಂದು ನೀನು ಕೇಳುತ್ತಿದ್ದ ಸಂಖ್ಯಾಶಾಸ್ತ್ರ ಇದಕ್ಕೇ ಬಂತು. ಮಾದರಿ ಹೊಗೆ ಹೆಚ್ಚಿರುವ ಜಾಗವನ್ನು ಹುಡುಕುವುದಿಲ್ಲ. ಎಲ್ಲಿ ನಮ್ಮ ಅಂದಾಜು ತಪ್ಪಬಹುದೋ ಅಲ್ಲಿಗೆ ಪೆಟ್ಟಿಗೆ ಕೇಳುತ್ತದೆ. ನೀನು ಹಣೆ ಮುಟ್ಟಿಯೇ ಜ್ವರ ಹೇಳುತ್ತಿದ್ದೆ, ಅನುಮಾನ ಬಂದರೆ ಮಾತ್ರ ಅಂಗಾಲು ಮುಟ್ಟುತ್ತಿದ್ದೆಯಲ್ಲ, ಹಾಗೆ.

ಇಲ್ಲಿ ನಾನೊಂದು ಪೆದ್ದುತನ ಮಾಡಿದೆ. ನಮ್ಮ ಬೀದಿಗೊಂದು ಪೆಟ್ಟಿಗೆ ಬರಲಿ ಎಂದು ಒಳಗೊಳಗೇ ಆಸೆ. ಬಂದರೆ, ಮಗುವಿಗೋಸ್ಕರ ಹಾಕಿಸಿಕೊಂಡಳು ಎಂದು ಆಡಿಕೊಂಡಾರು ಎಂಬ ಭಯ. ಪೆಟ್ಟಿಗೆ ಹಾಕಬಹುದಾದ ಜಾಗಗಳ ಪಟ್ಟಿಯಿಂದ ನಮ್ಮ ಬೀದಿಯನ್ನೇ ತೆಗೆದುಬಿಟ್ಟೆ, ಯಾರಿಗೂ ಹೇಳಲಿಲ್ಲ. ಅಲ್ಲಿನ ಅನುಮಾನ ಮಾತ್ರ ಮಾದರಿಯಲ್ಲಿ ಉಳಿದೇ ಇತ್ತು. ನಕ್ಷೆ ಬಂದಾಗ ನೋಡಿದರೆ, ನಮ್ಮ ಬೀದಿಯ ಆಚೆ ಬೀದಿಗೊಂದು, ಈಚೆ ಬೀದಿಗೊಂದು ಪೆಟ್ಟಿಗೆ, ಬೀಗ ಹಾಕಿದ ಮನೆಯ ಮುಂದೆ ಕಾಯುವ ನೆಂಟರ ಹಾಗೆ ನಿಂತಿವೆ! ನಮ್ಮ ಹಿರಿಯ ಇಂಜಿನಿಯರ್, ನಾವೆಲ್ಲ ಕನ್ನಡಕದಮ್ಮ ಎನ್ನುವವರು, ನಕ್ಷೆಯನ್ನು ಮೂಗಿಗೆ ಹಿಡಿದು ನೋಡಿ, ನಡುವಿನ ಬೀದಿ ಎಲ್ಲಿ ಹೋಯಿತು ಎಂದು ಕೇಳಿದರು. ಒಪ್ಪಿಕೊಂಡೆ, ಕಣ್ಣಲ್ಲಿ ನೀರೇ ಬಂತು. "ಅಲ್ಲಮ್ಮಾ, ನಿನ್ನ ಸಂಕೋಚಕ್ಕೆ ಒಂದು ಪೆಟ್ಟಿಗೆ ದಂಡ ಆಗ್ತಿತ್ತಲ್ಲ. ಬೀದೀನ ವಾಪಸ್ ಸೇರಿಸು, ಲೆಕ್ಕ ನಾನು ಓಡಿಸ್ತೀನಿ, ನೀನು ಅಲ್ಲಿ ದೂರ ನಿಂತ್ಕೋ" ಎಂದರು. ಕೈಕಟ್ಟಿ ನಿಂತೆ. ಎರಡರ ಕೆಲಸಕ್ಕೆ ಒಂದೇ ಸಾಕಾಯಿತು. ಅದು ಬಂದು ಕೂತದ್ದು ನಮ್ಮ ಬಾಗಿಲೆದುರಿನ ಕಂಬದಲ್ಲಿ. ಉಳಿದದ್ದು ಹೊಳೆಯಾಚೆಯ ಶಾಲೆಗೆ ಹೋಯಿತು. ಕಂಬ ಹತ್ತಿದ ಲೈನ್‌ಮನ್‌ನನ್ನು ನೋಡಿ ಪುಟ್ಟಿ ಬೊಚ್ಚುಬಾಯಿ ಬಿಟ್ಟು ನಕ್ಕದ್ದೇ ನಕ್ಕದ್ದು, ಅವನು ಕೆಳಗಿಳಿಯುವುದನ್ನೇ ಮರೆತ.

ಅಪ್ಪನಿಗೆ ನಮಸ್ಕಾರ ಹೇಳು, ತಮ್ಮನ ಕಿವಿ ಹಿಂಡು. ಪುಟ್ಟಿ ಪೆನ್ನು ಎಳೆಯುತ್ತಿದ್ದಾಳೆ.

ನಿನ್ನ
ನಿದ್ದೆಗೆಟ್ಟ ಮಗಳು

ಮುಖ್ಯವಾದದ್ದನ್ನೇ ಬಿಟ್ಟೆ. ಮೂರು ವಾರದ ಅಳತೆ ನೋಡಿದೆ: ಲಾರಿಗಳ ಹೊಗೆ ಬೆಳಗ್ಗೆ ಒಂಬತ್ತಕ್ಕೆ ಇಳಿಯುತ್ತದೆ, ಹತ್ತರಿಂದ ಸಂಜೆವರೆಗೆ ಗಾಳಿ ತಿಳಿ. ಹಿಂದಿನ ಕೋಣೆ ದಿನವಿಡೀ ಚೆನ್ನ, ಆಫೀಸಿನ ಕೈಯಲ್ಲಿ ಹಿಡಿಯುವ ಮಾಪಕ ತಂದು ಅಲ್ಲೂ ಅಳೆದೆ. ನಿನ್ನ ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಓದಿ ಹೇಳಿದೆ, ಹೋಗಿಬರಲಿ ಎಂದರು. ಹನ್ನೊಂದಕ್ಕೆ ಇಲ್ಲಿಗೆ ಬಂದು ಸೇರುವ ಬಸ್ಸು ಹಿಡಿ. ಅವಳು ನಿನ್ನ ತೊಡೆಯ ಮೇಲೆ ಮಲಗಿದರೆ, ನಾನೂ ಪಕ್ಕದಲ್ಲೇ ಮಲಗುತ್ತೇನೆ.