ಅಕ್ಕನ ತೋಳಿನ ನಳಿಕೆ

ಶಿಕಾರಿಪುರ
ತಾ. 24-10-1998, ಶನಿವಾರ ಮಧ್ಯಾಹ್ನ

ಪ್ರೀತಿಯ ಸೊಸೆ ದೀಪಶ್ರೀಗೆ,

ನಿನ್ನ ಸೋದರಮಾವನ ಆಶೀರ್ವಾದ. ಆರೋಗ್ಯವಾಗಿದ್ದೀಯಾ? ದಾವಣಗೆರೆಯ ಹಾಸ್ಟೆಲ್ ಊಟ ಮೈಗೆ ಹತ್ತಿತೇ? ನರ್ಸಿಂಗ್ ಪರೀಕ್ಷೆ ಎಂದು ನಿದ್ದೆಗೆಟ್ಟು ಓದಬೇಡ. ಏಳನೇ ಕ್ಲಾಸಿನಲ್ಲಿ ನಾನು ಪುಸ್ತಕ ಮುಟ್ಟದೆಯೇ ನಮ್ಮ ಜಡೆ ಊರಿನ ಶಾಲೆಗೆ ಮೊದಲಿಗನಾಗಿದ್ದೆ. (ಆ ವರ್ಷ ಪರೀಕ್ಷೆಗೆ ಕೂತವರೇ ಮೂವರು ಎಂದು ನಿನ್ನವ್ವ ಹೇಳಿದರೆ ನಂಬಬೇಡ.)

ಗಾಬರಿಯಾಗಬೇಡ, ನಿನ್ನವ್ವನಿಗೆ ಬುಧವಾರದಿಂದ ಚಳಿಜ್ವರ. ಮೊಣಕಾಲಿನ ಮೂಳೆಯ ಕೀವು ಮತ್ತೆ ಕೆರಳಿತೇನೋ ಎಂದುಕೊಂಡೆವು. ಅಲ್ಲ, ಕಾಲು ಚೆನ್ನಾಗಿದೆ. ಆರು ವಾರದ ಔಷಧಿಗೆಂದು ದೊಡ್ಡಾಸ್ಪತ್ರೆಯವರು ಬಲತೋಳಿನ ನರದೊಳಗೆ ತೂರಿಸಿ ಎದೆಯ ಹತ್ತಿರದವರೆಗೆ ಬಿಟ್ಟಿದ್ದಾರಲ್ಲ, ಶಾವಿಗೆಯಂಥ ಆ ನಳಿಕೆ, ಅದರಲ್ಲಿ ಔಷಧಿ ಹೋದ ಅರ್ಧ ಗಂಟೆಗೆ ಅಕ್ಕನ ಮೈ ಗಡಗಡ ನಡುಗುತ್ತದೆ. ನಿನ್ನೆ ಇಲ್ಲಿನ ನರ್ಸಿಂಗ್ ಹೋಮಿನಲ್ಲೇ ಮಲಗಿಸಿಕೊಂಡರು. ಹೊರಗಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಳಿಕೆಗೆ ನಂಜಾಗಿರಬೇಕು, ಹೇಗಾಯಿತೆಂದು ತಿಳಿಯಬೇಕು ಎನ್ನುತ್ತಾರೆ ಡಾಕ್ಟರು. ನನಗೆ ಆಗಲೇ ತಿಳಿದಿದೆ. ಕಾರಣದ ಹೆಸರು ಕೆಂಪಪ್ಪ.

ಕೆಂಪಪ್ಪ ಎಂದರೆ ದಿನಾ ಇಲ್ಲಿಗೆ ಬಂದಾಗ ನಿನ್ನವ್ವನಿಗೆ ಔಷಧಿ ಬಿಡುವ ಕಾಂಪೌಂಡರು. ಮೊದಲ ದಿನದಿಂದಲೂ ನನ್ನ ಕಣ್ಣು ಅವನ ಮೇಲಿದೆ. ಕೈ ತೊಳೆಯುವಾಗ ನಮಗೆ ಬೆನ್ನು ಮಾಡುತ್ತಾನೆ. ಚೆನ್ನಾಗಿ ತೊಳೆಯುವವನಿಗೆ ಬೆನ್ನು ಮಾಡುವ ದರ್ದೇನು? ನಲ್ಲಿ ಇರುವುದೇ ಆ ಗೋಡೆಗೆ ಎನ್ನುತ್ತಾಳೆ ನಿನ್ನ ಅತ್ತೆ ಲೋಕಮ್ಮ. ಅವಳಿಗೆ ಎಲ್ಲರೂ ಒಳ್ಳೆಯವರೇ. ನಳಿಕೆಯ ಬಾಯಿಯನ್ನು ಸ್ಪಿರಿಟ್ ಹತ್ತಿಯಿಂದ ಹದಿನೈದು ಎಣಿಸುವಷ್ಟು ಹೊತ್ತು ಉಜ್ಜಬೇಕೆಂದು ನೀನು ಕಾರ್ಡಿನಲ್ಲಿ ಬರೆದುಕೊಟ್ಟಿದ್ದೀಯ. ಅವನು ಉಜ್ಜುವಾಗ ನಾನು ಎಣಿಸಿದೆ, ಇಪ್ಪತ್ತು ಬಂತು. ಬೇಕಾದ್ದಕ್ಕಿಂತ ಹೆಚ್ಚು ಉಜ್ಜುವವನು ಏನನ್ನೋ ಒರೆಸಿಹಾಕುತ್ತಿರುತ್ತಾನೆ. ಸಣ್ಣ ಸಿರಿಂಜಿನಿಂದ ಒತ್ತಿದರೆ ನಳಿಕೆ ಒಡೆದೀತು, ದೊಡ್ಡದೇ ಆಗಬೇಕು ಎಂದಿದ್ದೆಯಲ್ಲ, ಒಂದು ದಿನ ಸಣ್ಣದನ್ನು ಎತ್ತಿಕೊಂಡವನು ನನ್ನ ಮುಖ ನೋಡಿ ಕೆಳಗಿಟ್ಟ. ನಳಿಕೆಯಿದ್ದ ತೋಳಿಗೇ ಬಿ.ಪಿ. ಪಟ್ಟಿ ಸುತ್ತಲು ಬಂದ ಹೊಸ ಸಿಸ್ಟರನ್ನು ತಡೆದವನೂ ನಾನೇ. ‘ಏ ತಾಯಿ, ಆ ಕೈ ಬ್ಯಾಡ, ಈ ಕೈಗೆ ಕಟ್ರಿ’ ಅಂದೆ. ‘ಒಳ್ಳೇದು ಮಾಡಿದ್ರಿ ಕಲ್ಲಪ್ಪಣ್ಣ’ ಅಂದ ಕೆಂಪಪ್ಪ. ಹೊಗಳಿ ಬಾಯಿ ಮುಚ್ಚಿಸುವ ಉಪಾಯ.

ಇನ್ನೂ ಇದೆ ಕೇಳು. ದೀಪಾವಳಿ ಸ್ನಾನದ ಮಾರನೇ ದಿನ ‘ನಳಿಕೆ ಮೇಲಿನ ಈ ಪ್ಲಾಸ್ಟರು ಯಾರು ಹಾಕಿದ್ರಿ? ಬಿಚ್ಚಿ ನೋಡ್ತೀನಿ’ ಅಂದ. ತಪ್ಪನ್ನು ನಮ್ಮ ತಲೆಗೆ ಕಟ್ಟುವ ತಯಾರಿ! ನಾನು ಬಿಚ್ಚಗೊಡಲಿಲ್ಲ. ನಮ್ಮ ಕಡೆಯಿಂದ ಯಾವ ತಪ್ಪೂ ಆಗಿಲ್ಲ ಮಗಳೇ. ಲೋಕಮ್ಮ ಅಕ್ಕನಿಗೆ ತಲೆಗೆರೆಯುವಾಗ ತೋಳಿಗೆ ಪ್ಲಾಸ್ಟಿಕ್ ಕವರ್ ಸುತ್ತಿದ್ದಳು, ಒಂದು ಹನಿ ನೀರು ತಾಗಿಲ್ಲ. ಚರ್ಮದಿಂದ ಹೊರಗೆ ನಳಿಕೆ ಎಷ್ಟು ಉದ್ದ ಇದೆ ಎಂದು ದಿನಾ ಅಳೆದು ಬರೆಯಲು ನೀನು ಹೇಳಿದ್ದೆಯಲ್ಲ. ಬಂದಾಗ ಕಾರ್ಡು ತೆಗೆದು ನೋಡು, ದಿನಾ ಮೂರು ಸೆಂಟಿಮೀಟರು, ನನ್ನ ದುಂಡಕ್ಷರದಲ್ಲಿ. ನನ್ನ ಕೈಗುಣ ನಿನಗೆ ಗೊತ್ತಲ್ಲ, ಜಡೆ ಸುತ್ತಿನ ಹೋರಿಗಳಿಗೆಲ್ಲ ಮೂಗು ಚುಚ್ಚಿ ದಾರ ಪೋಣಿಸಿದ ಕೈ. ಒಂದು ಹೋರಿಗೂ ಕೀವಾದದ್ದಿಲ್ಲ.

ಬೆಳಿಗ್ಗೆ ಡಾಕ್ಟರಿಗೆ ಎಲ್ಲ ಹೇಳಿಬಿಟ್ಟೆ. ಕೆಂಪಪ್ಪನನ್ನು ಕೆಲಸದಿಂದ ಬಿಡಿಸುವ ಮಾತು ನಡೆದಿದೆ, ಸಂಜೆಗೆ ತೀರ್ಮಾನ. ಅಕ್ಕ ಮಾತ್ರ ಅವನ ಸುದ್ದಿ ತೆಗೆದರೆ ಗೋಡೆ ಕಡೆ ಹೊರಳುತ್ತಾಳೆ. ‘ಬಿಡೋ ತಮ್ಮಾ, ಪಾಪ’ ಅನ್ನುತ್ತಾಳೆ. ಜ್ವರದವಳ ಮಾತು.

ಹೊತ್ತಿಗೆ ಸರಿಯಾಗಿ ಉಣ್ಣು. ಪರೀಕ್ಷೆ ಗೆದ್ದು ಬಾ, ನನ್ನ ಕೈ ನಿನ್ನ ತಲೆಯ ಮೇಲಿದೆ. ಲೋಕಮ್ಮ ಚಕ್ಕುಲಿ ಎತ್ತಿಟ್ಟಿದ್ದಾಳೆ. ನಾನು ಇನ್ನೂ ಮುಟ್ಟಿಲ್ಲ, ನಾಲ್ಕೈದು ಬಿಟ್ಟು.

ನಿನ್ನ ಮಾವ
ಜಡೆ ಕಲ್ಲಪ್ಪ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಒಳಗೆ ಕರೆದರು. ಡಾಕ್ಟರು ತಾವೇ ಪ್ಲಾಸ್ಟರು ಬಿಚ್ಚಿ ಅಳೆದರು. ಹೊರಗಿರುವುದು ಒಂದೇ ಸೆಂಟಿಮೀಟರು. ‘ನಳಿಕೆ ಜಾರಿ ಹೊರಗೆ ಬರಬಹುದು, ತಾನಾಗೇ ಒಳಗೆ ಹೋಗಲ್ಲ. ಯಾರ್ರೀ ತಳ್ಳಿದ್ದು?’ ಎಂದು ಕೆಂಪಪ್ಪನನ್ನು ನೋಡಿದರು. ಅವನು ತಲೆ ತಗ್ಗಿಸಿದ. ಅಕ್ಕ ನನ್ನನ್ನು ನೋಡಿದಳು. ನಾನು ಹೊರಗೆ ಬಂದುಬಿಟ್ಟೆ. ದೀಪಾ, ತಳ್ಳಿದವನು ನಾನು. ಹಬ್ಬದ ದಿನ ನೀರು ತಾಗಿರಲಿಲ್ಲ ನಿಜ, ತಲೆಗೆ ಹಚ್ಚಿದ ಎಣ್ಣೆ ತೋಳಿಗೆ ಇಳಿದಿತ್ತು. ಪ್ಲಾಸ್ಟರು ಬಿಟ್ಟು ನಳಿಕೆ ಎರಡು ಬೆರಳು ಹೊರಗೆ ಜಾರಿತ್ತು. ಹೋರಿ ಮೂಗು ಚುಚ್ಚಿದ ಧೈರ್ಯದಲ್ಲಿ ಪಂಚೆಗೆ ಒರೆಸಿ ಒಳಕ್ಕೆ ದೂಡಿ ಮತ್ತೆ ಅಂಟಿಸಿದೆ. ‘ಯಾರಿಗೂ ಹೇಳಬ್ಯಾಡಕ್ಕಾ’ ಅಂದವನೂ ನಾನೇ. ಆಮೇಲೆ ಅಳೆಯದೆಯೇ ಮೂರು, ಮೂರು ಎಂದು ಬರೆದೆ. ನಳಿಕೆಯನ್ನು ಇವತ್ತೇ ತೆಗೆಯುತ್ತಾರೆ. ಜ್ವರ ಇಳಿದ ಮೇಲೆ ಇನ್ನೊಂದು ತೋಳಿಗೆ ಹೊಸದು ಹಾಕಿಸಲು ದೊಡ್ಡಾಸ್ಪತ್ರೆಗೆ ಹೋಗಬೇಕು, ನೀನು ಜೊತೆಗಿರಬೇಕು. ಈಗ ಒಳಗೆ ಹೋಗಿ ಕೆಂಪಪ್ಪನ ಎದುರಿಗೇ ಡಾಕ್ಟರಿಗೆ ಹೇಳುತ್ತೇನೆ. ಮೇಲೆ ಬರೆದದ್ದನ್ನು ಹೊಡೆದುಹಾಕುತ್ತಾ ಕೂರಲು ಹೊತ್ತಿಲ್ಲ. ಅವನ ಹೆಸರಿದ್ದ ಕಡೆಯೆಲ್ಲ ನೀನೇ ನನ್ನ ಹೆಸರು ಹಾಕಿಕೊಂಡು ಓದು.